ಸೋಂಕಿನ ಕಾಲದಲ್ಲಿ ಎದೆಹಾಲು: ತಾಯಿ-ಮಗುವನ್ನು ಬೇರೆ ಮಾಡದೆ ನೋಡಿಕೊಳ್ಳುವುದು ಹೇಗೆ?

ವೈರಸ್ ಒಂದು ಊರೂರಿಗೆ ಹರಡುತ್ತಿರುವಾಗ ಬಾಣಂತಿಯ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ. ನನಗೆ ಸೋಂಕು ಬಂದರೆ ಮಗುವಿಗೆ ಹಾಲು ಕೊಡಬಹುದಾ? ಸುತ್ತ ಇರುವವರು ಗಾಬರಿಯಲ್ಲಿ "ಬೇಡ, ಸುಮ್ನೆ ರಿಸ್ಕ್ ಯಾಕೆ?" ಎಂದುಬಿಡುತ್ತಾರೆ. ಕಾಳಜಿಯಿಂದಲೇ ಹೇಳಿದ ಮಾತು ಅದು. ಆದರೆ ಹಾಲು ನಿಲ್ಲಿಸುವುದರಲ್ಲೂ ರಿಸ್ಕ್ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಕೋವಿಡ್ ಕಲಿಸಿದ ದೊಡ್ಡ ಪಾಠವೂ ಇದೇ. 2020ರ ಮೊದಲ ತಿಂಗಳುಗಳಲ್ಲಿ ಚೀನಾದ ತಜ್ಞರು ಸೋಂಕಿತ ತಾಯಿಯಿಂದ ಮಗುವನ್ನು 14 ದಿನ ದೂರ ಇಡಲು ಹೇಳಿದ್ದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ ಏಪ್ರಿಲ್‌ನಲ್ಲಿ ತಾತ್ಕಾಲಿಕವಾಗಿ ಬೇರೆ ಇಡುವ ಸಲಹೆ ಕೊಟ್ಟಿತು. ಜುಲೈ ಹೊತ್ತಿಗೆ ಅದೇ ಅಕಾಡೆಮಿ ಸಲಹೆ ಬದಲಿಸಿತು: ಎಚ್ಚರಿಕೆ ತೆಗೆದುಕೊಂಡು ಒಂದೇ ಕೋಣೆಯಲ್ಲಿ ಇಡಬಹುದು, ಎದೆಹಾಲು ಕೊಡಬಹುದು ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯಂತೂ ಮೊದಲಿನಿಂದಲೂ ತಾಯಿ-ಮಗು ಜೊತೆಗಿರಲಿ ಎಂದೇ ಹೇಳುತ್ತಿತ್ತು. ಆ ಕೆಲವು ತಿಂಗಳುಗಳಲ್ಲಿ ಎಷ್ಟೋ ಕೂಸುಗಳು ಅಮ್ಮನ ಮೈಬಿಸಿ ಕಾಣದೆ ಬೇರೆ ಕೋಣೆಯಲ್ಲಿ ಮಲಗಿದವು. ಮುಂದೆ ಇನ್ನೊಂದು ಸಾಂಕ್ರಾಮಿಕ ಬಂದಾಗ ಹಾಗಾಗಬಾರದು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ತಾಯಿಗೆ, ಮನೆಯವರಿಗೆ, ಪಕ್ಕದಲ್ಲಿ ನಿಂತು ನೆರವಾಗುವ ನರ್ಸ್‌ಗಳು ಮತ್ತು ಆರೋಗ್ಯ ಕಾರ್ಯಕರ್ತೆಯರಿಗೆ ಇದು ಕೈಪಿಡಿಯಾಗಲಿ.

ಮೊದಲು: ಯಾವ ವೈರಸ್ ಎಂದು ತಿಳಿದುಕೊಳ್ಳಿ

ಎಲ್ಲ ವೈರಸ್‌ಗೂ ಒಂದೇ ನಿಯಮ ಇಲ್ಲ. ಕೆಮ್ಮು, ಸೀನು, ಉಸಿರಿನಿಂದ ಹರಡುವ ಕೋವಿಡ್, ಫ್ಲೂ ತರಹದ ಸೋಂಕುಗಳಲ್ಲಿ ಎದೆಹಾಲು ಮುಂದುವರಿಸಬಹುದು. ಝೀಕಾ ಹರಡಿದಾಗಲೂ ವಿಶ್ವ ಆರೋಗ್ಯ ಸಂಸ್ಥೆ ಹಾಲು ಕೊಡಿ ಎಂದೇ ಹೇಳಿತು. ಎಬೋಲಾ ಮಾತ್ರ ಬೇರೆ. ಅದರ ವೈರಸ್ ಎದೆಹಾಲಿನಲ್ಲೂ ಇರುತ್ತದೆ, ರೋಗವೂ ಬಹಳ ಮಾರಕ. ಹಾಗಾಗಿ ಎಬೋಲಾ ಇದೆ ಅಥವಾ ಇರಬಹುದು ಎಂದಾದಾಗ ಹಾಲು ನಿಲ್ಲಿಸಿ, ಮಗುವನ್ನು ಬೇರೆ ಇಟ್ಟು ನೋಡಿಕೊಳ್ಳಲು ಹೇಳುತ್ತಾರೆ. ಮೈಮೇಲೆ ಗುಳ್ಳೆ ಏಳುವ ಎಂಪಾಕ್ಸ್‌ನಂಥ ರೋಗದಲ್ಲಿ, ಚರ್ಮ ತಾಗುವುದೇ ಅಪಾಯ ಆದ್ದರಿಂದ, ವೈದ್ಯರು ಒಬ್ಬೊಬ್ಬ ತಾಯಿಯನ್ನೂ ನೋಡಿ ತೀರ್ಮಾನಿಸುತ್ತಾರೆ.

ಹೊಸ ವೈರಸ್ ಬಂದಾಗ ಮೂರು ಪ್ರಶ್ನೆ ಕೇಳಿ. ಅದು ಹಾಲಿನ ಮೂಲಕ ಹರಡುತ್ತದಾ? ಮಗುವಿಗೆ ತಗುಲಿದರೆ ಎಷ್ಟು ತೀವ್ರ? ಹಾಲು ನಿಲ್ಲಿಸಿದರೆ ಮಗುವಿಗೆ ಏನು ಸಿಗುತ್ತದೆ, ಅದು ಎಷ್ಟು ಸುರಕ್ಷಿತ? ಮೂರನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ಉತ್ತರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮತ್ತು ನಿಮ್ಮ ಆರೋಗ್ಯ ಇಲಾಖೆಯ ಇತ್ತೀಚಿನ ಸೂಚನೆ ನೋಡಿ. ಫಾರ್ವರ್ಡ್ ಆಗಿ ಬಂದ ಮೆಸೇಜ್ ನಂಬಬೇಡಿ. ಇಲ್ಲಿ ಮುಂದೆ ಬರೆದಿರುವುದೆಲ್ಲ ಕೋವಿಡ್, ಫ್ಲೂ ಮಾದರಿಯ ಉಸಿರಾಟದ ಸೋಂಕುಗಳಿಗೆ.

ಹಾಲಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ

ಕೋವಿಡ್ ಬಂದ ತಾಯಂದಿರ ಹಾಲನ್ನು ಹಲವು ದೇಶಗಳಲ್ಲಿ ಪರೀಕ್ಷೆ ಮಾಡಿದರು. ಕೆಲವು ಸಲ ವೈರಸ್‌ನ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ವಸ್ತುವಿನ ತುಣುಕು ಸಿಕ್ಕಿತು. ತುಣುಕು ಸಿಕ್ಕಿದರೆ ಜೀವಂತ ವೈರಸ್ ಇದೆ ಎಂದರ್ಥವಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದಾಗ ಅದು ಬೆಳೆಯಲಿಲ್ಲ. ಇನ್ನೊಂದು ಕಡೆ, ಅದೇ ಹಾಲಿನಲ್ಲಿ ಆ ವೈರಸ್ ವಿರುದ್ಧ ಹೋರಾಡಲು ದೇಹ ತಯಾರಿಸುವ ಪ್ರತಿಕಾಯಗಳು (ಆಂಟಿಬಾಡಿ) ಸಿಕ್ಕವು. ಅದರಲ್ಲೂ ಐಜಿಎ ಎಂಬ ಪ್ರತಿಕಾಯ ಮಗುವಿನ ಬಾಯಿ, ಗಂಟಲು, ಕರುಳಿನ ಒಳಪದರಕ್ಕೆ ಅಂಟಿಕೊಂಡು ರೋಗಾಣುಗಳನ್ನು ತಡೆಯುತ್ತದೆ.

ಇದರ ಜೊತೆ ಇನ್ನೊಂದು ವಿಷಯ ಯೋಚಿಸಿ. ತಾಯಿಗೆ ಜ್ವರ, ಕೆಮ್ಮು ಕಾಣಿಸುವ ಒಂದೆರಡು ದಿನ ಮೊದಲೇ ಅವಳಿಂದ ವೈರಸ್ ಹರಡಲು ಶುರುವಾಗಿರುತ್ತದೆ. ಅಂದರೆ ರಿಪೋರ್ಟ್ ಪಾಸಿಟಿವ್ ಬರುವ ಹೊತ್ತಿಗೆ ಮಗು ಆಗಲೇ ಅವಳ ಉಸಿರಿನ ಹತ್ತಿರ ಇದ್ದಾಗಿದೆ. ಆಗ ಹಾಲು ನಿಲ್ಲಿಸಿದರೆ ಸೋಂಕಿನ ಅವಕಾಶ ಹಿಂದಕ್ಕೆ ಹೋಗುವುದಿಲ್ಲ, ಪ್ರತಿಕಾಯ ಮಾತ್ರ ತಪ್ಪಿಹೋಗುತ್ತದೆ. ತಡೆಯಬೇಕಾದದ್ದು ತಾಯಿಯ ಮೂಗು-ಬಾಯಿಯಿಂದ ಬರುವ ಹನಿಗಳನ್ನು.

ಹೆರಿಗೆಗೆ ಮುಂಚೆ ಮಾತಾಡಿಕೊಳ್ಳಿ

ಆಸ್ಪತ್ರೆಯ ನಿಯಮಗಳು ಸಾಂಕ್ರಾಮಿಕದ ಸಮಯದಲ್ಲಿ ವಾರಕ್ಕೊಮ್ಮೆ ಬದಲಾಗಬಹುದು. ಏಳು-ಎಂಟನೇ ತಿಂಗಳಲ್ಲೇ ಕೇಳಿಬಿಡಿ: ನನಗೆ ಸೋಂಕು ಇದ್ದರೆ ಮಗುವನ್ನು ನನ್ನ ಜೊತೆಗೇ ಇಡುತ್ತೀರಾ? ಹುಟ್ಟಿದ ತಕ್ಷಣ ಎದೆಯ ಮೇಲೆ ಮಲಗಿಸುತ್ತೀರಾ? ಜೊತೆಗೆ ಒಬ್ಬರು ಇರಬಹುದಾ? ನನ್ನನ್ನು ಕೇಳದೆ ಮಗುವಿಗೆ ಪುಡಿಹಾಲು ಕೊಡುವುದಿಲ್ಲ ತಾನೇ? ಉತ್ತರ ಇಷ್ಟವಾಗದಿದ್ದರೆ ವೈದ್ಯರ ಹತ್ತಿರ ಇನ್ನೊಮ್ಮೆ ಮಾತಾಡಿ. ನಿಮ್ಮ ಆಸೆಯನ್ನು ಒಂದು ಹಾಳೆಯಲ್ಲಿ ಬರೆದು ಫೈಲಿನಲ್ಲಿ ಇಡಿ. ಹೆರಿಗೆ ನೋವಿನಲ್ಲಿ ವಾದ ಮಾಡಲು ಯಾರಿಗೂ ಶಕ್ತಿ ಇರುವುದಿಲ್ಲ ಅಲ್ವಾ?

ಕೈಯಿಂದ ಹಾಲು ಹಿಂಡುವುದನ್ನೂ ಈಗಲೇ ಕಲಿಯಿರಿ. ವಿಡಿಯೊ ಕರೆಯಲ್ಲಿ ತೋರಿಸಿಕೊಡುವ ಸಲಹೆಗಾರರು ಸಿಗುತ್ತಾರೆ. ಹೇಗೆ ಹಿಂಡುವುದು ಎಂದು ತಿಳಿದಿದ್ದರೆ ಸಾಕು, ಹೆರಿಗೆಗೆ ಮುಂಚೆ ಹಿಂಡಬೇಕಾಗಿಲ್ಲ.

ಮೊದಲ ಒಂದು ಗಂಟೆ

ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಬೇಕು. ಸಾಂಕ್ರಾಮಿಕ ಇದ್ದರೂ ಈ ನಿಯಮ ಬದಲಾಗುವುದಿಲ್ಲ. ತಾಯಿ ಮಾಸ್ಕ್ ಹಾಕಿಕೊಂಡು, ಕೈ ತೊಳೆದುಕೊಂಡು, ಮಗುವನ್ನು ಬರಿ ಮೈಯಲ್ಲಿ ತನ್ನ ಎದೆಯ ಮೇಲೆ ಮಲಗಿಸಿಕೊಳ್ಳಲಿ. ಬೆನ್ನಿನ ಮೇಲೆ ಬಟ್ಟೆ ಹೊದಿಸಿ. ಮಗುವಿನ ಮೂಗು, ಬಾಯಿ ಕಾಣುತ್ತಿರಲಿ. ಚರ್ಮಕ್ಕೆ ಚರ್ಮ ತಾಗಿದಾಗ ಮಗುವಿನ ಮೈಬಿಸಿ, ಉಸಿರು, ಸಕ್ಕರೆ ಅಂಶ ಹಿಡಿತಕ್ಕೆ ಬರುತ್ತವೆ, ಹಾಲೂ ಬೇಗ ಇಳಿಯುತ್ತದೆ.

ಮೊದಲ ದಿನ ಬರುವ ದಪ್ಪ ಹಳದಿ ಹಾಲು ಒಂದು ಸಲಕ್ಕೆ ಬರೀ ಕೆಲವು ಮಿ.ಲೀ. ಇರುತ್ತದೆ. "ಹಾಲೇ ಇಲ್ಲ, ಪುಡಿಹಾಲು ತನ್ನಿ" ಎಂಬ ಮಾತು ಹುಟ್ಟುವುದೇ ಇಲ್ಲಿ. ಆ ದಿನ ಮಗುವಿಗೆ ಬೇಕಾದದ್ದೇ ಅಷ್ಟು. ಪ್ರತಿಕಾಯ ಜಾಸ್ತಿ ಇರುವುದೂ ಆ ಹಾಲಿನಲ್ಲೇ.

ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಕೂಸಿನ ವಿಷಯದಲ್ಲಂತೂ ಬೇರೆ ಮಾಡುವ ಮುನ್ನ ನೂರು ಸಲ ಯೋಚಿಸಬೇಕು. ಕಾಂಗರೂ ಆರೈಕೆ, ಅಂದರೆ ದಿನವಿಡೀ ಎದೆಗೆ ಕಟ್ಟಿಕೊಂಡು ಸಾಕುವುದು, ಅವರ ಪಾಲಿಗೆ ಜೀವದ ಪ್ರಶ್ನೆ. ಈ ಆರೈಕೆ ಎಲ್ಲ ಕಡೆ ಸಿಕ್ಕರೆ 1,25,000ಕ್ಕೂ ಹೆಚ್ಚು ಶಿಶುಗಳನ್ನು ಉಳಿಸಬಹುದು ಎಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜೊತೆಗಿದ್ದ ಸಂಶೋಧಕರು ಲೆಕ್ಕ ಹಾಕಿದರು. ಕೋವಿಡ್‌ನಿಂದ ಆ ಶಿಶುಗಳಿಗೆ ಇದ್ದ ಅಪಾಯ ಇದರ ಮುಂದೆ ಬಹಳ ಚಿಕ್ಕದು.

ಸೋಂಕು ಇದ್ದಾಗ ಹಾಲೂಡಿಸುವ ಕ್ರಮ

ಮನೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಕ್ರಮ ಒಂದೇ.

1. ಕಿಟಕಿ ತೆರೆಯಿರಿ. ಮಾಸ್ಕ್, ಸ್ಯಾನಿಟೈಜರ್ ಎಂದು ಓಡಾಡುವ ಗಡಿಬಿಡಿಯಲ್ಲಿ ಗಾಳಿಯಾಟವನ್ನು ಮರೆತುಬಿಡುತ್ತಾರೆ.

2. ಸೋಪು ಹಚ್ಚಿ ಕನಿಷ್ಠ 20 ಸೆಕೆಂಡ್ ಕೈ ಉಜ್ಜಿ ತೊಳೆಯಿರಿ. ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಬಿಡಬೇಡಿ. ನೀರು ಹತ್ತಿರ ಇಲ್ಲದಿದ್ದರೆ ಸ್ಯಾನಿಟೈಜರ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಮಗುವನ್ನು ಮುಟ್ಟಿ.

3. ಮೂಗು-ಬಾಯಿ ಎರಡೂ ಮುಚ್ಚುವಂತೆ ಮೆಡಿಕಲ್ ಮಾಸ್ಕ್ ಹಾಕಿ. ಒದ್ದೆಯಾದರೆ ಬದಲಿಸಿ. ಮುಂಭಾಗ ಮುಟ್ಟದೆ, ಕಿವಿಯ ದಾರ ಹಿಡಿದು ತೆಗೆಯಿರಿ. ಮೆಡಿಕಲ್ ಮಾಸ್ಕ್ ಇಲ್ಲ ಎಂದು ಹಾಲು ತಪ್ಪಿಸಬೇಡಿ. ಶುಭ್ರವಾದ ಬಟ್ಟೆಯ ಮಾಸ್ಕ್ ಹಾಕಿ ಕೊಡಿ.

4. ಪ್ರತಿ ಸಲ ಎದೆ ತೊಳೆಯುವುದು ಬೇಡ. ತೊಟ್ಟು ಒಣಗಿ ಬಿರುಕು ಬಿಡುತ್ತದೆ. ತೆರೆದ ಎದೆಯ ಮೇಲೆ ಈಗಷ್ಟೇ ಕೆಮ್ಮಿದ್ದರೆ ಮಾತ್ರ ಸೋಪು ಮತ್ತು ಬೆಚ್ಚಗಿನ ನೀರಿನಿಂದ ಮೆಲ್ಲಗೆ ತೊಳೆದುಕೊಳ್ಳಿ.

5. ಮಗುವನ್ನು ಹತ್ತಿರ ಎಳೆದುಕೊಳ್ಳಿ. ಹೊಟ್ಟೆಗೆ ಹೊಟ್ಟೆ ತಾಗಲಿ. ಬಾಯಿ ಅಗಲವಾಗಿ ತೆರೆದಾಗ ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಲಿ. ಸೋಂಕಿನ ಭಯಕ್ಕೆ ಮಗುವನ್ನು ದೂರ ಹಿಡಿದು ಹಾಲು ಕೊಡಲು ಹೋದರೆ ತೊಟ್ಟು ಸರಿಯಾಗಿ ಸಿಗದೆ ಇಬ್ಬರಿಗೂ ಕಷ್ಟ. ಮಾಸ್ಕ್ ಹಾಕಿದ್ದೀರಿ, ಕೈ ತೊಳೆದಿದ್ದೀರಿ. ಇನ್ನು ಧೈರ್ಯವಾಗಿ ಅಪ್ಪಿಕೊಳ್ಳಿ.

6. ಹಾಲು ಕುಡಿದು ಮಲಗಿದ ಮೇಲೆ ತೊಟ್ಟಿಲನ್ನು ಸಾಧ್ಯವಾದಷ್ಟು ದೂರ, ಜಾಗ ಇದ್ದರೆ 2 ಮೀಟರ್ ಆಚೆ ಇಡಿ. ಜಾಗ ಇಲ್ಲದಿದ್ದರೆ ಚಿಂತೆ ಮಾಡಬೇಡಿ. ಒಂದೇ ಕೋಣೆಯಲ್ಲಿ ಗಾಳಿಯಾಡುತ್ತಿದ್ದರೆ ಸಾಕು.

ಮಗುವಿಗೆ ಮಾಸ್ಕ್ ಹಾಕಲೇಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಉಸಿರು ಕಟ್ಟುವ ಅಪಾಯ ಇದೆ. ಮುಖಕ್ಕೆ ಹಾಕುವ ಪ್ಲಾಸ್ಟಿಕ್ ಶೀಲ್ಡ್ ಕೂಡ ಬೇಡ.

ಹಾಲು ಕೊಡುವುದು ದಿನಕ್ಕೆ 8ರಿಂದ 12 ಸಲ. ಗಡಿಯಾರ ನೋಡದೆ, ಮಗು ಕೈ ಬಾಯಿಗೆ ಒಯ್ದಾಗ, ತುಟಿ ಚಪ್ಪರಿಸಿದಾಗ ಕೊಡಿ. ಅಳುವುದು ಹಸಿವಿನ ಕೊನೆಯ ಸೂಚನೆ. ಮಾಸ್ಕ್ ಹಿಂದೆ ನಿಮ್ಮ ನಗು ಕಾಣದಿದ್ದರೂ ದನಿ ಮಗುವಿಗೆ ಚೆನ್ನಾಗಿ ಗೊತ್ತು. ಮಾತಾಡುತ್ತಾ ಇರಿ.

ಮಗುವಿಗೇ ಸೋಂಕು ಬಂದರೆ? ಆಗಲೂ ಹಾಲು ಮುಂದುವರಿಸಿ. ಮೂಗು ಕಟ್ಟಿದ ಮಗು ಒಂದೇ ಸಲಕ್ಕೆ ಜಾಸ್ತಿ ಕುಡಿಯಲಾರದು, ಸ್ವಲ್ಪ ಸ್ವಲ್ಪ, ಪದೇ ಪದೇ ಕೊಡಿ.

ತಾಯಿ ಸುಸ್ತಾಗಿದ್ದಾಗ ಮನೆಯವರ ಕೆಲಸ

ಜ್ವರದಲ್ಲಿ ಕೂತು ಹಾಲು ಕೊಡುವುದು ಕಷ್ಟ. ಒಂದು ಮಗ್ಗುಲಿಗೆ ಮಲಗಿಕೊಂಡು ಕೊಡಬಹುದು. ಆದರೆ ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡಿದ್ದರೆ ಅಥವಾ ಎಚ್ಚರವೇ ಇಲ್ಲದಷ್ಟು ಸುಸ್ತಿದ್ದರೆ, ಹಾಲು ಮುಗಿದ ತಕ್ಷಣ ಇನ್ನೊಬ್ಬರು ಮಗುವನ್ನು ಎತ್ತಿ ಅದರದೇ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು. ಸೋಫಾ ಮೇಲೆ ಮಗುವಿನ ಜೊತೆ ಮಲಗುವುದು ಯಾವ ಕಾಲದಲ್ಲೂ ಅಪಾಯ.

ಮನೆಯವರು ಮಾಡಬೇಕಾದದ್ದು ಇಷ್ಟೇ: ಮಗುವನ್ನು ಅವಳ ಹತ್ತಿರ ತಂದುಕೊಡುವುದು, ಬಟ್ಟೆ ಬದಲಿಸುವುದು, ಅವಳಿಗೆ ಹೊತ್ತಿಗೆ ಸರಿಯಾಗಿ ಊಟ-ನೀರು ಕೊಡುವುದು, ಬೇರೆ ಕೆಲಸ ಯಾವುದನ್ನೂ ಅವಳಿಗೆ ಬಿಡದಿರುವುದು. ಈ ಕೆಲಸಕ್ಕೆ ಆರೋಗ್ಯವಾಗಿರುವ ಒಬ್ಬರನ್ನು ಗೊತ್ತು ಮಾಡಿ. ದಿನಕ್ಕೊಬ್ಬರು ಬದಲಾಗುವುದು ಬೇಡ. ಅವರೂ ಮಾಸ್ಕ್ ಹಾಕಬೇಕು, ಕೈ ತೊಳೆಯಬೇಕು. ನೋಡಲು ಬರುವ ನೆಂಟರಿಗೆ ಫೋನ್‌ನಲ್ಲೇ ಮಗುವನ್ನು ತೋರಿಸಿ. ಅವಳು ಹಾಲು ಕೊಡುವಾಗ "ಮಗುವಿಗೆ ಬಂದುಬಿಟ್ಟರೆ?" ಎಂದು ಪದೇ ಪದೇ ಕೇಳಬೇಡಿ. ಆತಂಕ ಹೆಚ್ಚಾದರೆ ಹಾಲು ಇಳಿಯುವುದು ನಿಜಕ್ಕೂ ತಡವಾಗುತ್ತದೆ.

ಜ್ವರದಲ್ಲಿ ಹಾಲು ಸ್ವಲ್ಪ ಕಡಿಮೆ ಆಗಬಹುದು. ಹೆದರಬೇಡಿ. ಮಗು ಚೀಪುತ್ತಿದ್ದರೆ, ತಾಯಿ ನೀರು ಕುಡಿಯುತ್ತಿದ್ದರೆ ಕೆಲವೇ ದಿನಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ.

ಬಾಣಂತಿಯ ಜ್ವರವೆಲ್ಲ ವೈರಸ್ ಜ್ವರ ಅಲ್ಲ ಎಂಬುದನ್ನೂ ನೆನಪಿಡಿ. ಒಂದು ಕಡೆಯ ಎದೆ ಕೆಂಪಾಗಿ, ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದು ಎದೆಯ ಬಾವು ಇರಬಹುದು. ಕೆಟ್ಟ ವಾಸನೆಯ ಸ್ರಾವ, ಹೊಟ್ಟೆನೋವು ಇದ್ದರೆ ಗರ್ಭಕೋಶದ ಸೋಂಕು ಇರಬಹುದು. ಸಾಂಕ್ರಾಮಿಕದ ಗದ್ದಲದಲ್ಲಿ ಇವೆರಡೂ ತಪ್ಪಿಹೋಗುತ್ತವೆ. ವೈರಸ್ ಪರೀಕ್ಷೆಯ ಜೊತೆ ಇವನ್ನೂ ನೋಡಲು ವೈದ್ಯರಿಗೆ ಹೇಳಿ.

ಬೇರೆ ಇರಲೇಬೇಕಾದಾಗ: ಹಾಲು ಹಿಂಡುವುದು

ತಾಯಿ ಐಸಿಯುನಲ್ಲಿದ್ದರೆ ಅಥವಾ ಮಗು ಬೇರೆ ವಾರ್ಡಿನಲ್ಲಿದ್ದರೆ ಒಟ್ಟಿಗೆ ಇರಲಾಗುವುದಿಲ್ಲ. ಆಗ ಗುರಿ ಎರಡು. ಮಗುವಿಗೆ ಅಮ್ಮನ ಹಾಲು ತಲುಪಬೇಕು, ತಾಯಿಯ ಎದೆಯಲ್ಲಿ ಹಾಲು ಬತ್ತಬಾರದು. ತೆಗೆದಷ್ಟೂ ಹಾಲು ಹುಟ್ಟುತ್ತದೆ, ತೆಗೆಯದೆ ಬಿಟ್ಟರೆ ದೇಹ ಹಾಲು ಮಾಡುವುದನ್ನೇ ನಿಲ್ಲಿಸುತ್ತದೆ. ಅದಕ್ಕಾಗಿ 24 ಗಂಟೆಯಲ್ಲಿ ಕನಿಷ್ಠ 8 ಸಲ ಹಿಂಡಬೇಕು. ರಾತ್ರಿ ಒಂದು ಸಲವಾದರೂ ಎದ್ದು ಹಿಂಡಬೇಕು, ಯಾಕೆಂದರೆ ಹಾಲು ಹುಟ್ಟಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ರಾತ್ರಿಯಲ್ಲೇ ಜಾಸ್ತಿ ಇರುತ್ತದೆ. ಬಾಣಂತಿಯಾಗಿದ್ದರೆ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಶುರುಮಾಡಿ.

ಪಂಪ್ ಇಲ್ಲದಿದ್ದರೂ ಕೈ ಇದೆ. ಮೊದಲ ದಿನಗಳ ದಪ್ಪ ಹಾಲಿಗೆ ಕೈಯೇ ಒಳ್ಳೆಯದು. ಪಂಪಿನಲ್ಲಿ ಆ ಕೆಲವು ಹನಿಗಳು ಕೊಳವೆಗೆ ಅಂಟಿಕೊಂಡು ಹೋಗುತ್ತವೆ. ಕೈಯಿಂದ ಹಿಂಡುವ ಬಗೆ ಹೀಗೆ:

ಕೈ ತೊಳೆದು, ಮಾಸ್ಕ್ ಹಾಕಿ, ಆರಾಮವಾಗಿ ಸ್ವಲ್ಪ ಮುಂದೆ ಬಾಗಿ ಕೂತುಕೊಳ್ಳಿ. ಅಗಲ ಬಾಯಿಯ, ಬಿಸಿ ನೀರಿನಲ್ಲಿ ತೊಳೆದ ಪಾತ್ರೆಯನ್ನು ಎದೆಯ ಹತ್ತಿರ ಹಿಡಿಯಿರಿ. ಎದೆಯನ್ನು ಎರಡು ನಿಮಿಷ ಮೆಲ್ಲಗೆ ಸವರಿ. ಮಗುವಿನ ಫೋಟೊ ನೋಡಿ, ಅದರ ಅಳುವಿನ ರೆಕಾರ್ಡಿಂಗ್ ಕೇಳಿ, ಅದು ಉಟ್ಟ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನ್ ಇಂಥ ನೆನಪಿಗೇ ಸ್ಪಂದಿಸುತ್ತದೆ.

ಈಗ ಹೆಬ್ಬೆರಳನ್ನು ತೊಟ್ಟಿನ ಮೇಲ್ಭಾಗದಲ್ಲಿ, ತೋರುಬೆರಳನ್ನು ಕೆಳಭಾಗದಲ್ಲಿ, ತೊಟ್ಟಿನಿಂದ ಎರಡು-ಮೂರು ಸೆಂ.ಮೀ. ಹಿಂದೆ ಇಡಿ. ಮೊದಲು ಎದೆಗೂಡಿನ ಕಡೆಗೆ ಒಳಕ್ಕೆ ಒತ್ತಿ. ಆಮೇಲೆ ಎರಡೂ ಬೆರಳನ್ನು ಒಟ್ಟಿಗೆ ಒತ್ತಿ. ಬಿಡಿ. ಮತ್ತೆ ಒತ್ತಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಹಿಂಡಿ ಎಳೆಯಬಾರದು. ಮೊದಲ ಒಂದೆರಡು ನಿಮಿಷ ಏನೂ ಬರುವುದಿಲ್ಲ. ಎಷ್ಟೋ ತಾಯಂದಿರು ಇಲ್ಲೇ ಕೈಬಿಡುತ್ತಾರೆ. ಇನ್ನೂ ಸ್ವಲ್ಪ ಮುಂದುವರಿಸಿ, ಮೊದಲು ಹನಿಯಾಗಿ, ಆಮೇಲೆ ಚಿಮ್ಮಿ ಬರುತ್ತದೆ. ಬೆರಳುಗಳನ್ನು ಸುತ್ತಲೂ ತಿರುಗಿಸುತ್ತಾ ಎಲ್ಲ ಭಾಗದಿಂದಲೂ ತೆಗೆಯಿರಿ. ಒಂದು ಕಡೆ ಮೂರರಿಂದ ಐದು ನಿಮಿಷ, ಆಮೇಲೆ ಇನ್ನೊಂದು ಕಡೆ, ಮತ್ತೆ ಮೊದಲನೆಯದು. ಮೊದಲ ದಿನಗಳಲ್ಲಿ ಒಟ್ಟು 20ರಿಂದ 30 ನಿಮಿಷ ಬೇಕಾಗುತ್ತದೆ. ನೋವಾದರೆ ಬೆರಳಿನ ಜಾಗ ತಪ್ಪಿದೆ ಎಂದರ್ಥ.

ತಾಯಿಗೆ ಕೂರಲೂ ಆಗದಿದ್ದರೆ, ಅವಳ ಒಪ್ಪಿಗೆ ಕೇಳಿ ನರ್ಸ್ ಹಿಂಡಿಕೊಡಬಹುದು. ಗ್ಲೌಸ್, ಮಾಸ್ಕ್ ಕಡ್ಡಾಯ. ಪಂಪ್ ಬಳಸಿದರೆ ಬಿಡಿಭಾಗಗಳನ್ನು ಪ್ರತಿ ಸಲ ಬಿಸಿ ಸೋಪುನೀರಿನಲ್ಲಿ ತೊಳೆದು, ಗಾಳಿಗೆ ಒಣಗಿಸಿ. ಎರಡು ತಿಂಗಳೊಳಗಿನ ಮಗುವಾದರೆ ದಿನಕ್ಕೊಮ್ಮೆ 5 ನಿಮಿಷ ಕುದಿಸಿ. ಪಂಪನ್ನು ಬೇರೆ ತಾಯಿಯ ಜೊತೆ ಹಂಚಿಕೊಳ್ಳಬೇಡಿ.

ಹಿಂಡಿದ ಹಾಲನ್ನು ಮುಚ್ಚಿ, ಡಬ್ಬಿಯ ಮೇಲೆ ಹೆಸರು, ದಿನ, ಸಮಯ ಬರೆಯಿರಿ. 25 ಡಿಗ್ರಿ ಸೆಲ್ಸಿಯಸ್ ಒಳಗಿನ ಕೋಣೆಯಲ್ಲಿ 4 ಗಂಟೆ ಇಡಬಹುದು. ಸೆಕೆ ಜಾಸ್ತಿ ಇದ್ದರೆ ಇನ್ನೂ ಬೇಗ ಬಳಸಿ. ಫ್ರಿಜ್‌ನ ಒಳಭಾಗದಲ್ಲಿ, ಬಾಗಿಲಲ್ಲಿ ಅಲ್ಲ, 4 ದಿನ. ಫ್ರೀಜರ್‌ನಲ್ಲಿ 6 ತಿಂಗಳು. ಕರಗಿಸಿದ ಹಾಲನ್ನು ಫ್ರಿಜ್‌ನಲ್ಲಿಟ್ಟು 24 ಗಂಟೆಯಲ್ಲಿ ಮುಗಿಸಿ, ಮತ್ತೆ ಹೆಪ್ಪುಗಟ್ಟಿಸಬೇಡಿ. ಬೆಚ್ಚಗೆ ಮಾಡಲು ಡಬ್ಬಿಯನ್ನು ಬಿಸಿ ನೀರಿನ ಪಾತ್ರೆಯಲ್ಲಿಡಿ. ಕುದಿಸಬೇಡಿ, ಮೈಕ್ರೋವೇವ್ ಬೇಡ. ಮಗು ಕುಡಿದು ಉಳಿಸಿದ್ದನ್ನು 2 ಗಂಟೆಯ ನಂತರ ಚೆಲ್ಲಿಬಿಡಿ. ವೈರಸ್ ಭಯಕ್ಕೆ ತಾಯಿಯ ಹಾಲನ್ನು ಪಾಶ್ಚರೀಕರಿಸುವ, ಅಂದರೆ ಬಿಸಿ ಮಾಡಿ ರೋಗಾಣು ಕೊಲ್ಲುವ ಅಗತ್ಯ ಇಲ್ಲ. ಡಬ್ಬಿಯ ಹೊರಮೈ ಒರೆಸಿ ಕೊಟ್ಟರೆ ಸಾಕು.

ಮಗುವಿಗೆ ಕುಡಿಸುವುದು ಚಮಚ ಅಥವಾ ಚಿಕ್ಕ ಲೋಟದಲ್ಲಿ. ಬಾಟಲಿಯ ಸಂದಿಗೊಂದಿ ತೊಳೆಯುವುದು ಕಷ್ಟ, ಮತ್ತೆ ಎದೆಗೆ ಹಚ್ಚುವಾಗ ಕೆಲವು ಮಕ್ಕಳು ತಕರಾರು ಮಾಡುತ್ತವೆ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಲೋಟದ ಅಂಚನ್ನು ಕೆಳತುಟಿಗೆ ತಾಗಿಸಿ. ಹಾಲು ತುಟಿಯವರೆಗೆ ಬರಲಿ, ಮಗುವೇ ನಾಲಿಗೆಯಿಂದ ನೆಕ್ಕಿಕೊಳ್ಳುತ್ತದೆ. ಬಾಯಿಗೆ ಸುರಿಯಬೇಡಿ, ನೆತ್ತಿಗೇರುತ್ತದೆ. ಮೊದಲ ವಾರ ಕಳೆದ, ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 150 ಮಿ.ಲೀ. ಬೇಕು. ಅಂದರೆ 3 ಕಿಲೋ ಮಗುವಿಗೆ 450 ಮಿ.ಲೀ., ಎಂಟು ಪಾಲು ಮಾಡಿ.

ಅಮ್ಮನ ಹಾಲು ಸಿಗದೇ ಹೋದರೆ

ಮೊದಲ ಆಯ್ಕೆ ಎದೆಹಾಲು ಬ್ಯಾಂಕಿನ ಹಾಲು. ಅಲ್ಲಿ ದಾನಿಗಳನ್ನು ಎಚ್‌ಐವಿ, ಹೆಪಟೈಟಿಸ್ ಮುಂತಾದವಕ್ಕೆ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿರುತ್ತಾರೆ. ಕೋವಿಡ್ ವೈರಸ್ ಆ ಬಿಸಿಗೆ ನಾಶವಾಗುತ್ತದೆ. ಪರಿಚಯದವರಿಂದ ಪರೀಕ್ಷೆಯಿಲ್ಲದೆ ಹಾಲು ಪಡೆಯುವುದನ್ನು ನಾನು ಒಪ್ಪುವುದಿಲ್ಲ.

ಬ್ಯಾಂಕಿನ ಹಾಲೂ ಸಿಗದಿದ್ದರೆ ಫಾರ್ಮುಲಾ ಪುಡಿಹಾಲು. ಪುಡಿಹಾಲಿನ ಪುಡಿ ಕ್ರಿಮಿರಹಿತ ಅಲ್ಲ. ನೀರು ಕುದಿಸಿ, 70 ಡಿಗ್ರಿಗಿಂತ ಕಡಿಮೆ ಆಗುವ ಮುಂಚೆ ಪುಡಿ ಬೆರೆಸಿ, ಆಮೇಲೆ ಆರಿಸಿ ಕೊಡಿ. ಮಾಡಿದ ಹಾಲು 2 ಗಂಟೆಯಲ್ಲಿ ಮುಗಿಯಬೇಕು. ಅಂಗಡಿಯಲ್ಲಿ ಸಿಗುತ್ತಿಲ್ಲ ಎಂದು ನೀರು ಜಾಸ್ತಿ ಹಾಕಿ ತೆಳು ಮಾಡುವುದು ತೀರಾ ಅಪಾಯ. ರಕ್ತದ ಸೋಡಿಯಂ ಇಳಿದು ಮಗುವಿಗೆ ಫಿಟ್ಸ್ ಬರಬಹುದು. ಆರು ತಿಂಗಳೊಳಗಿನ ಮಗುವಿಗೆ ನೀರು, ಜೇನು, ದನದ ಹಾಲು ಇವು ಯಾವುವೂ ಬೇಡ.

ಪುಡಿಹಾಲು ಕೊಡಬೇಕಾಗಿ ಬಂದ ತಾಯಿಯನ್ನು ಯಾರೂ ನೋಯಿಸಬೇಡಿ. ಅವಳು ಮಗುವನ್ನು ಉಳಿಸಿಕೊಳ್ಳುತ್ತಿದ್ದಾಳೆ. ನನ್ನ ಸಿಟ್ಟು ಇರುವುದು ಭಯದ ಸಮಯ ನೋಡಿ ಆಸ್ಪತ್ರೆಗಳಿಗೆ ಪುಡಿಹಾಲಿನ ಡಬ್ಬಿ "ದಾನ" ಮಾಡುವವರ ಮೇಲೆ. ಇಂಥ ಪ್ರಚಾರ ತಡೆಯಲೆಂದೇ 1981ರಲ್ಲಿ ವಿಶ್ವ ಆರೋಗ್ಯ ಸಭೆ ಪುಡಿಹಾಲಿನ ಮಾರಾಟ-ಪ್ರಚಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಸಂಹಿತೆ ಒಪ್ಪಿತು. ಸಾಂಕ್ರಾಮಿಕ ಬಂದಾಗ ಅದಕ್ಕೆ ರಜೆ ಇಲ್ಲ.

ಔಷಧಿ, ಲಸಿಕೆ

ಜ್ವರಕ್ಕೆ ಪ್ಯಾರಾಸಿಟಮಾಲ್, ನೋವಿಗೆ ಐಬುಪ್ರೊಫೇನ್ ಹಾಲೂಡಿಸುವ ತಾಯಿ ತೆಗೆದುಕೊಳ್ಳಬಹುದು. ಕೋಡೀನ್ ಇರುವ ಕೆಮ್ಮಿನ ಸಿರಪ್ ಬೇಡ. ಕೆಲವು ತಾಯಂದಿರ ದೇಹ ಅದನ್ನು ಬೇಗ ಮಾರ್ಫಿನ್ ಆಗಿ ಬದಲಿಸಿ, ಹಾಲಿನ ಮೂಲಕ ಮಗುವಿನ ಉಸಿರಾಟ ನಿಧಾನವಾಗಬಹುದು. ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಹಾಲನ್ನು ಕಡಿಮೆ ಮಾಡುತ್ತದೆ. ಕೋವಿಡ್ ಮಾತ್ರೆ ಮೊಲ್ನುಪಿರಾವಿರ್ ತೆಗೆದುಕೊಳ್ಳುವಾಗ ಮತ್ತು ಕೊನೆಯ ಡೋಸ್ ನಂತರ 4 ದಿನ ಹಾಲು ಕೊಡಬಾರದು ಎಂದು ತಯಾರಕರ ಸೂಚನೆಯೇ ಹೇಳುತ್ತದೆ. ಆ ದಿನಗಳಲ್ಲಿ ಹಾಲು ಹಿಂಡಿ ಚೆಲ್ಲುತ್ತಾ ಇದ್ದರೆ ಬತ್ತುವುದಿಲ್ಲ. ಯಾವ ಔಷಧಿ ಬರೆದರೂ "ನಾನು ಹಾಲು ಕೊಡುತ್ತಿದ್ದೇನೆ, ಇದಕ್ಕೆ ಬದಲಿ ಇದೆಯಾ?" ಎಂದು ಕೇಳಿ.

ಕೋವಿಡ್ ಲಸಿಕೆ ಹಾಕಿಸಿಕೊಳ್ಳಲು ಹಾಲು ನಿಲ್ಲಿಸಬೇಕಾಗಿಲ್ಲ. ಲಸಿಕೆಯ ನಂತರ ಪ್ರತಿಕಾಯ ಹಾಲಿಗೂ ಬರುತ್ತದೆ. ಹಳದಿ ಜ್ವರದಂಥ ಕೆಲವು ಜೀವಂತ ಲಸಿಕೆಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು, ವೈದ್ಯರನ್ನು ಕೇಳಿ.

ಹಾಲು ಸಾಕಾಗುತ್ತಿದೆಯಾ, ಆಸ್ಪತ್ರೆಗೆ ಯಾವಾಗ ಓಡಬೇಕು

ಲಾಕ್‌ಡೌನ್‌ನಲ್ಲಿ ತೂಕ ನೋಡಲು ಹೋಗಲಾಗದಿದ್ದರೂ ಮನೆಯಲ್ಲೇ ತಿಳಿಯಬಹುದು. ಐದನೇ ದಿನದಿಂದ ದಿನಕ್ಕೆ 6 ಸಲ ಅಥವಾ ಹೆಚ್ಚು ತಿಳಿ ಮೂತ್ರ, ಕಪ್ಪು ಮಲ ಹೋಗಿ ಹಳದಿ ಮಲ, ಕುಡಿಯುವಾಗ ನುಂಗುವ ಸದ್ದು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು.

ಇವು ಕಂಡರೆ ಸೋಂಕಿನ ಭಯಕ್ಕೆ ಮನೆಯಲ್ಲೇ ಉಳಿಯಬೇಡಿ: ಎಳೆ ಮಗು ಹಾಲು ಕುಡಿಯುವುದನ್ನು ನಿಲ್ಲಿಸಿದೆ, ಎಬ್ಬಿಸಿದರೂ ಏಳುತ್ತಿಲ್ಲ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತಿದೆ, ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ, ತುಟಿ ನೀಲಿಯಾಗಿದೆ, ಫಿಟ್ಸ್ ಬಂದಿದೆ, ಮೈಬಿಸಿ 38 ಡಿಗ್ರಿ ಮುಟ್ಟಿದೆ ಅಥವಾ 35.5ಕ್ಕಿಂತ ಕೆಳಗಿದೆ, ಅಂಗೈ ಅಂಗಾಲಿನವರೆಗೆ ಕಾಮಾಲೆಯ ಹಳದಿ ಹರಡಿದೆ. ತಾಯಿಗೆ ಉಸಿರು ಸಿಕ್ಕಿಕೊಂಡರೆ, ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ, ಎದೆನೋವು, ಗೊಂದಲ, ವಿಪರೀತ ತಲೆನೋವು, ಜಾಸ್ತಿ ರಕ್ತಸ್ರಾವ ಇದ್ದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ ಕೂಡಲೇ ಹೋಗಿ. ಬಾಣಂತನದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಮೊದಲೇ ಹೆಚ್ಚು, ಕೋವಿಡ್ ಅದನ್ನು ಇನ್ನೂ ಹೆಚ್ಚಿಸುತ್ತದೆ.

ಒಂಟಿತನ, ಮತ್ತು ಫೋನ್‌ನಲ್ಲಿ ನೆರವು

ಹೆರಿಗೆಯ ನಂತರ ಕೆಲವು ದಿನ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ಹೋಗದಿದ್ದರೆ, ಮಗುವಿನ ಮೇಲೆ ಮನಸ್ಸೇ ಬರುತ್ತಿಲ್ಲ ಎನಿಸಿದರೆ, ಸಾಯುವ ಯೋಚನೆ ಬಂದರೆ, ಅದು ಕಾಯಿಲೆ. ಚಿಕಿತ್ಸೆ ಇದೆ. ಸೋಂಕಿನ ಕಾರಣಕ್ಕೆ ಒಬ್ಬಳೇ ಕೋಣೆಯಲ್ಲಿರುವ ತಾಯಿಗೆ ದಿನಕ್ಕೆ ಎರಡು ಸಲವಾದರೂ ಯಾರಾದರೂ ಫೋನ್ ಮಾಡಿ, ಮಗುವಿನ ಬಗ್ಗೆ ಕೇಳುವ ಮುಂಚೆ ಅವಳ ಬಗ್ಗೆ ಕೇಳಬೇಕು.

ಫೋನ್‌ನಲ್ಲಿ ಸಲಹೆ ಕೊಡುವವರಿಗೂ ಒಂದು ಮಾತು. "ಹಾಲು ಕೊಡುತ್ತಿದ್ದೀರಾ?" ಎಂದು ಕೇಳಿದರೆ "ಹೂಂ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. "ನಿನ್ನೆ ರಾತ್ರಿ ಹಾಲು ಕುಡಿಸಿದ್ದು ಹೇಗಿತ್ತು, ಹೇಳಿ" ಎಂದು ಕೇಳಿ ಸುಮ್ಮನಿರಿ. ವಿಡಿಯೊದಲ್ಲಿ ಮಗುವಿನ ಗಲ್ಲ ಎದೆಗೆ ತಾಗಿದೆಯಾ, ಕೆಳತುಟಿ ಹೊರಕ್ಕೆ ಮಡಚಿದೆಯಾ, ಕೆನ್ನೆ ತುಂಬಿಕೊಂಡಿದೆಯಾ ನೋಡಿ. ಕ್ಯಾಮೆರಾ ತೋರಿಸಲು ಅವಳಿಗೆ ಸಂಕೋಚ ಇದ್ದರೆ ಬೊಂಬೆ ಹಿಡಿದು ನೀವೇ ತೋರಿಸಿಕೊಡಿ. ಒಂದು ಕರೆಯಲ್ಲಿ ಒಂದು, ಹೆಚ್ಚೆಂದರೆ ಎರಡು ಬದಲಾವಣೆ ಹೇಳಿ. ಮರುದಿನ ನೀವೇ ಕರೆ ಮಾಡಿ.

ಮತ್ತೆ ಎದೆಗೆ ಹಚ್ಚುವುದು

ತಾಯಿ ಚೇತರಿಸಿಕೊಂಡು ಮೈಯಲ್ಲಿ ಶಕ್ತಿ ಬಂದ ದಿನವೇ ಎದೆಹಾಲು ಶುರುಮಾಡಬಹುದು. ನೆಗೆಟಿವ್ ರಿಪೋರ್ಟ್‌ಗೆ ಕಾಯಬೇಕಾಗಿಲ್ಲ.

ನಡುವೆ ಹಾಲು ಪೂರ್ತಿ ನಿಂತಿದ್ದರೂ ಮತ್ತೆ ತರಿಸಬಹುದು. ಮಗು ಚಿಕ್ಕದಾಗಿದ್ದಷ್ಟೂ, ಬಿಟ್ಟ ದಿನ ಕಡಿಮೆ ಇದ್ದಷ್ಟೂ ಬೇಗ ಬರುತ್ತದೆ. ದಿನದ ಎಷ್ಟೋ ಗಂಟೆ ಮಗುವನ್ನು ಬರಿ ಎದೆಯ ಮೇಲೆ ಮಲಗಿಸಿಕೊಳ್ಳಿ. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ, ಮಗು ಸ್ವಲ್ಪ ನಿದ್ದೆಗಣ್ಣಲ್ಲಿ ಇರುವಾಗ ಎದೆಗೆ ಹಚ್ಚಿ. ಹಾಲಿಲ್ಲದ ಎದೆಯನ್ನು ಚೀಪಲು ಮಗು ಬೇಸರ ಮಾಡಿದರೆ ತೆಳ್ಳಗಿನ ಕೊಳವೆಯೊಂದರ ಒಂದು ತುದಿಯನ್ನು ಲೋಟದ ಹಾಲಿನಲ್ಲಿ, ಇನ್ನೊಂದನ್ನು ತೊಟ್ಟಿನ ಪಕ್ಕದಲ್ಲಿ ಇಡಿ. ಮಗು ಚೀಪಿದಾಗ ಕೊಳವೆಯಿಂದ ಹಾಲು ಸಿಗುತ್ತದೆ, ಚೀಪುವಿಕೆಯಿಂದ ಎದೆಯಲ್ಲಿ ಹಾಲು ಹುಟ್ಟುತ್ತದೆ. ಮೊದಲ ಸಲ ಇದನ್ನು ಸಲಹೆಗಾರರ ಎದುರಿಗೇ ಮಾಡಿ.

ಲೋಟದ ಹಾಲನ್ನು ಒಂದೇ ಸಲಕ್ಕೆ ನಿಲ್ಲಿಸಬೇಡಿ. ಎದೆಯಲ್ಲಿ ಹಾಲು ಕಾಣಿಸಿಕೊಂಡ ಮೇಲೆ ಕೆಲವು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸಿ. ಪ್ರತಿ ಸಲ ಇಳಿಸಿದಾಗ ಮೂತ್ರ 6 ಸಲಕ್ಕಿಂತ ಕಡಿಮೆ ಆಗಿಲ್ಲ, ವಾರಕ್ಕೆ ಕನಿಷ್ಠ 125 ಗ್ರಾಂ ತೂಕ ಏರುತ್ತಿದೆ ಎಂದು ಖಚಿತ ಮಾಡಿಕೊಳ್ಳಿ. ಇವೆರಡರಲ್ಲಿ ಒಂದು ತಪ್ಪಿದರೂ ಹಿಂದಿನ ಅಳತೆಗೆ ಹೋಗಿ, ಒಂದು ವಾರ ಬಿಟ್ಟು ಮತ್ತೆ ಪ್ರಯತ್ನಿಸಿ. ಪೂರ್ತಿ ಹಾಲು ಬರದೆ ಅರ್ಧ ಎದೆಹಾಲು, ಅರ್ಧ ಪುಡಿಹಾಲಿನಲ್ಲೇ ಮಗು ಬೆಳೆದರೂ, ಆ ಅರ್ಧದಲ್ಲಿ ಪ್ರತಿಕಾಯಗಳು ಇದ್ದೇ ಇರುತ್ತವೆ.